ಯೇವಲಾದ ಮಾತು, ಗೋಕುಲನಗರದ ಉತ್ತರ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಯೇವಲಾ ಸಿಗುತ್ತದೆ. ಸೀರೆಯ ಬಗ್ಗೆ ಬಲ್ಲವರಿಗೆ ಅದು ಪೈಠಣಿ ನೇಯುವವರ ಊರು. ಚರಿತ್ರೆ ಓದಿದವರಿಗೆ 1935ರ ಅಕ್ಟೋಬರ್ 13ರ ಊರು. ಅಂದು ಅಲ್ಲಿ ನಡೆದ ದಲಿತರ ಪರಿಷತ್ತಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು, ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ 1930ರ ಮಾರ್ಚ್‌ನಿಂದ ನಡೆಯುತ್ತಿದ್ದ ಸತ್ಯಾಗ್ರಹವನ್ನು ಇನ್ನು ಸಾಕು ಮಾಡೋಣ ಎಂದು ತೀರ್ಮಾನವಾದದ್ದೂ ಅಲ್ಲೇ. ಈಗ ಆ ಜಾಗಕ್ಕೆ ಮುಕ್ತಿಭೂಮಿ ಎಂದು ಹೆಸರು.

ಆ ಘೋಷಣೆಯಾಗಿ ಎಂಟು ತಿಂಗಳ ನಂತರ, 1936ರ ಜೂನ್ 16ರಂದು, ಅಂಬೇಡ್ಕರ್ ಮುಂಬೈಯ ಪರೇಲ್‌ನ ದಾಮೋದರ ಹಾಲ್‌ನಲ್ಲಿ ಇನ್ನೊಂದು ಸಭೆಯಲ್ಲಿ ಮಾತಾಡಿದರು. ಇದನ್ನು ನೆನೆಯುವವರು ಕಡಿಮೆ. ಎದುರಿಗಿದ್ದವರು ದೇವದಾಸಿಯರು, ಜೋಗತಿಯರು, ಮುರಳಿಯರು, ವಾಘ್ಯಾಗಳು. ದೇವರ ಹೆಸರಿನಲ್ಲಿ ಬಿಟ್ಟ ಮಕ್ಕಳು, ಅವರಲ್ಲಿ ಕಾಮಾಟಿಪುರದ ಬೀದಿಗಳಲ್ಲಿ ಬದುಕುತ್ತಿದ್ದ ಹೆಣ್ಣುಮಕ್ಕಳೂ ಇದ್ದರು. ಯೇವಲಾದಲ್ಲಿ ಹೇಳಿದ ಧರ್ಮಾಂತರಕ್ಕೆ ಬೆಂಬಲ ಹೇಳಲು ಕರೆದಿದ್ದ ಸಭೆ ಅದು. ಅಂಬೇಡ್ಕರ್ ಅವರ ಮಾತು ಕಟುವಾಗಿತ್ತು. ನಮ್ಮ ಜೊತೆ ಬರುವುದಾದರೆ ಈ ಬಾಳನ್ನು ಬಿಟ್ಟು ಬನ್ನಿ, ಬಿಡದಿದ್ದರೆ ನಮಗೂ ನಿಮಗೂ ಸಂಬಂಧವಿಲ್ಲ ಎನ್ನುವುದು ಅದರ ತಾತ್ಪರ್ಯ. ಒಂದು ಜಾತಿಯ ಹೆಣ್ಣುಮಕ್ಕಳ ದೇಹವನ್ನು ಊರಿನ ಸೊತ್ತಾಗಿ ಮಾಡಿಟ್ಟ ವ್ಯವಸ್ಥೆಯನ್ನು ಕಂಡವರ ಸಿಟ್ಟು ಅದು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಒಂದು ಪ್ರಶ್ನೆ ಉಳಿಯಿತು. ಬಿಟ್ಟು ಬರಲಾಗದವಳ ಗತಿಯೇನು?

ಐವತ್ತು ವರ್ಷಗಳ ನಂತರ ಎಚ್‌ಐವಿ ಎಂಬ ವೈರಸ್ಸು ಬಂದು ಅದೇ ಪ್ರಶ್ನೆಯನ್ನು ಮತ್ತೆ ಕೇಳಿತು. ಈ ಸಲ ತಡಮಾಡಿದರೆ ಜೀವ ಹೋಗುತ್ತಿತ್ತು. ಉತ್ತರದ ಒಂದು ಭಾಗ ಬಂದದ್ದು ಮಹಾರಾಷ್ಟ್ರದ ಸಾಂಗ್ಲಿಯಿಂದ, ಮನೆಯಲ್ಲಿ ಕನ್ನಡ ಮಾತಾಡುವ ಹೆಂಗಸರಿಂದ. ನಮ್ಮ ಸಾರ್ವಜನಿಕ ನೆನಪಿನಲ್ಲಿ ಅವರಿಗೆ ಜಾಗವಿಲ್ಲ. ಅದಕ್ಕಾಗಿ ಈ ಬರಹ.

ಗುಡ್ಡದಿಂದ ಜಂಕ್ಷನ್‌ಗೆ

ಯೇವಲಾಕ್ಕೂ ಸವದತ್ತಿಗೂ ಏನು ಸಂಬಂಧ ಎಂದು ಕೇಳಬಹುದು. 1935ರಲ್ಲಿ ಎರಡೂ ಒಂದೇ ಮುಂಬೈ ಪ್ರಾಂತ್ಯದ ಊರುಗಳು. ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು ಆ ಪ್ರಾಂತ್ಯದ ದಕ್ಷಿಣ ಭಾಗದಲ್ಲಿದ್ದವು. ದೇವದಾಸಿಯರ ರಕ್ಷಣೆಗೆಂದು ಆ ಪ್ರಾಂತ್ಯ 1934ರಲ್ಲಿಯೇ ಕಾಯ್ದೆ ಮಾಡಿತ್ತು. ಕಾಯ್ದೆ ಕಾಗದದಲ್ಲಿತ್ತು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ, ಅಥಣಿ ಸೀಮೆಯ ಕೊಕಟನೂರಿನಲ್ಲಿ ಮುತ್ತು ಕಟ್ಟುವುದು ನಡೆದೇ ಇತ್ತು.

ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ. ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬ ಅವಳನ್ನು ಇಟ್ಟುಕೊಳ್ಳುತ್ತಿದ್ದ. ಅವನು ಬಿಟ್ಟ ಮೇಲೆ ತವರಿನ ಹೊಟ್ಟೆ ಹೊರೆಯುವ ಭಾರ ಅವಳದೇ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಕೇರಿಯವರು, ಹೊಲವಿಲ್ಲದವರು. ಬರ ಬಿದ್ದ ವರ್ಷ ಊರಲ್ಲಿ ಏನೂ ಹುಟ್ಟುತ್ತಿರಲಿಲ್ಲ. ಆಗ ದಾರಿ ಒಂದೇ. ಮಿರಜ್ ಜಂಕ್ಷನ್‌ಗೆ ಬಂದು ಸಾಂಗ್ಲಿಯಲ್ಲಿ ಇಳಿಯುವುದು, ಇಲ್ಲವೇ ಇನ್ನೂ ಮುಂದೆ ಪುಣೆಯ ಬುಧವಾರ ಪೇಟೆಗೆ, ಮುಂಬೈಯ ಕಾಮಾಟಿಪುರಕ್ಕೆ ಹೋಗುವುದು. ನಮ್ಮಲ್ಲಿ ಎಷ್ಟೋ ಜನ ಕೆಲಸಕ್ಕೆಂದು ಪುಣೆ, ಮುಂಬೈ ಸೇರಿದ್ದು ಇದೇ ರೈಲು ದಾರಿಯಲ್ಲಿ. ಅವರು ನಮಗಿಂತ ಬಹಳ ಮೊದಲೇ ಹೋದವರು.

ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಮಗಳಿಗೆ ಮುತ್ತು ಕಟ್ಟಿಸುವ ತಂದೆತಾಯಿಗೂ ಅದರಲ್ಲಿ ಜೈಲು ಶಿಕ್ಷೆಯಿತ್ತು. ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುವುದು ಕಡಿಮೆಯಾಯಿತು, ಮನೆಯೊಳಗೆ ಗುಟ್ಟಾಗಿ ನಡೆಯುವುದು ನಿಲ್ಲಲಿಲ್ಲ. ಸರ್ಕಾರ 1993-94ರಲ್ಲಿ ಮಾಡಿದ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007-08ರಲ್ಲಿ ಇನ್ನೂ 23,787 ಹೆಸರು ಸೇರಿದವು. ಒಟ್ಟು 46,660. ಎಚ್‌ಐವಿ ಬಂದಾಗ ಅದು ಹಿಡಿದದ್ದು ಈ ಹಳೆಯ ದಾರಿಯನ್ನೇ. ಅದು ಹೊಸ ದಾರಿ ಹುಡುಕಬೇಕಾಗಿರಲಿಲ್ಲ.

ಮೊದಲು ಸಿಕ್ಕವರು

1981ರಲ್ಲಿ ಅಮೆರಿಕದಲ್ಲಿ ಕಂಡ ಕಾಯಿಲೆಗೆ ಕಾರಣವಾದ ವೈರಸ್ಸು 1983ರಲ್ಲಿ ಪ್ಯಾರಿಸ್ಸಿನಲ್ಲಿ ಪತ್ತೆಯಾಯಿತು. ರಕ್ತ ಪರೀಕ್ಷೆ 1985ಕ್ಕೆ ಬಂತು. ನಮ್ಮ ದೇಶದಲ್ಲಿ ಇದೆಲ್ಲ ಪಾಶ್ಚಾತ್ಯರ ರೋಗ, ನಮ್ಮ ಸಂಸ್ಕೃತಿಯೇ ನಮಗೆ ರಕ್ಷೆ ಎಂಬ ಮಾತು ಆಗ ಜೋರಾಗಿತ್ತು. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ಸೋಂಕು ಇಲ್ಲಿದೆಯೇ ನೋಡು ಎಂದು ಪ್ರಬಂಧದ ವಿಷಯ ಕೊಟ್ಟರು. ನಿರ್ಮಲಾ ಮಹಿಳೆಯರ ಬಂಧನಗೃಹಕ್ಕೆ ಹೋಗಿ ಲೈಂಗಿಕ ಕಾರ್ಯಕರ್ತೆಯರ ರಕ್ತ ಸಂಗ್ರಹಿಸಿದರು. ಪರೀಕ್ಷೆ ನಡೆದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಆರು ಮಾದರಿಗಳಲ್ಲಿ ಸೋಂಕು ಇತ್ತು.

ಇಬ್ಬರು ವೈದ್ಯೆಯರ ಧೈರ್ಯದ ಕೆಲಸ ಅದು. ಅವರಿಂದಾಗಿಯೇ ದೇಶ ಕಣ್ಣು ತೆರೆಯಿತು. ಆದರೆ ಅದರ ಒಂದು ಪರಿಣಾಮ ಅವರ ಕೈಮೀರಿ ನಡೆಯಿತು. ರಕ್ತ ತೆಗೆಯಲು ಸುಲಭವಾಗಿ ಸಿಕ್ಕವರು ಬಂಧನದಲ್ಲಿದ್ದ ಹೆಂಗಸರು, ಹಾಗಾಗಿ ರೋಗಕ್ಕೆ ಅವರ ಮುಖವೇ ಅಂಟಿತು. ಅವರ ಬಳಿ ಬಂದು ಹೋದ ಗಂಡಸರ ರಕ್ತವನ್ನು ಯಾರೂ ತೆಗೆದಿರಲಿಲ್ಲ. ಸೋಂಕು ತಗುಲಿಸಿಕೊಂಡವಳು ಸೋಂಕಿನ ಮೂಲ ಎನಿಸಿಕೊಂಡಳು.

ಹಿಡಿದಿಟ್ಟರೆ ರೋಗ ನಿಲ್ಲುತ್ತದೆ ಎಂಬ ನಂಬಿಕೆಯೂ ಜೊತೆಗೆ ಬೆಳೆಯಿತು. ಪಕ್ಕದ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದಾಗ ಸೋಂಕು ಇರುವುದು ಗೊತ್ತಾಯಿತು. 1989ರ ಫೆಬ್ರವರಿಯಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಪೊಲೀಸರು ಅವರನ್ನು ಕರೆದೊಯ್ದು ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ಅವರು ಕೋರ್ಟಿಗೆ ಹೋದರು, ಹೊರಗೆ ಬಂದು ಸೋಂಕಿತರ ಹಕ್ಕಿಗಾಗಿ ಕೆಲಸ ಮಾಡಿದರು, 1992ರಲ್ಲಿ ತೀರಿಕೊಂಡರು. ಅವರನ್ನು ಕೂಡಿಹಾಕಿದ್ದರಿಂದ ಗೋವಾದಲ್ಲಿ ಒಂದೇ ಒಂದು ಸೋಂಕೂ ತಪ್ಪಲಿಲ್ಲ. ಪರೀಕ್ಷೆ ಮಾಡಿಸಿಕೊಂಡರೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ ಮಾತ್ರ ಹರಡಿತು. ಭಯಪಟ್ಟವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ವೈರಸ್ಸಿನ ಸ್ವಭಾವ ನೋಡಬೇಕು, ಮುಂದಿನ ಕಥೆ ತಿಳಿಯಲು ಅದು ಬೇಕು. ಎಚ್‌ಐವಿ ರಕ್ತ, ವೀರ್ಯ, ಯೋನಿಸ್ರಾವ, ಎದೆಹಾಲಿನ ಮೂಲಕ ದಾಟುತ್ತದೆ. ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ದಾಟುವುದಿಲ್ಲ. ಒಳಗೆ ಹೊಕ್ಕ ಮೇಲೆ ರೋಗ ನಿರೋಧಕ ಶಕ್ತಿಯನ್ನು ಕಾಯುವ ಸಿಡಿ4 ಕಣಗಳನ್ನು ನಿಧಾನವಾಗಿ ತಿನ್ನುತ್ತದೆ. ಈ ನಿಧಾನವೇ ಅಪಾಯ. ಎಂಟು ಹತ್ತು ವರ್ಷ ಮೈಯಲ್ಲಿ ಏನೂ ಕಾಣಿಸದೆ ಇರಬಹುದು. ನೋಡಲು ಗಟ್ಟಿಮುಟ್ಟಾಗಿರುವವನು ತನಗೇ ತಿಳಿಯದೆ ದಾಟಿಸುತ್ತಿರುತ್ತಾನೆ. ಸಿಫಿಲಿಸ್‌ನಂಥ ಗುಪ್ತರೋಗದ ಹುಣ್ಣು ಇದ್ದರೆ ವೈರಸ್ಸಿಗೆ ದಾರಿ ಇನ್ನೂ ಸುಲಭ. ಆದ್ದರಿಂದ ತಡೆಯುವ ಕೆಲಸ ಎಂದರೆ ಮೂರು: ಕಾಂಡೋಮ್, ಗುಪ್ತರೋಗಕ್ಕೆ ಬೇಗ ಮದ್ದು, ಹೆದರಿಕೆಯಿಲ್ಲದೆ ಮಾಡಿಸಬಹುದಾದ ಪರೀಕ್ಷೆ. ಮೂರಕ್ಕೂ ಆ ಹೆಣ್ಣುಮಗಳ ಒಪ್ಪಿಗೆ ಮತ್ತು ನಂಬಿಕೆ ಬೇಕು. ಲಾಠಿಯಿಂದ ಒಂದೂ ಆಗುವುದಿಲ್ಲ.

ಗೋಕುಲನಗರ

ಸಾಂಗ್ಲಿಯ ಗೋಕುಲನಗರ ಲೈಂಗಿಕ ಕಾರ್ಯಕರ್ತೆಯರ ಬಡಾವಣೆ. ಅಲ್ಲಿನ ಅನೇಕರು ಕರ್ನಾಟಕದಿಂದ ಬಂದವರು, ಮುತ್ತು ಕಟ್ಟಿಸಿಕೊಂಡವರು. ಗಿರಾಕಿಯೊಡನೆ ಮರಾಠಿ, ಒಳಗೆ ಕನ್ನಡ. 1992ರಲ್ಲಿ ಮೀನಾ ಶೇಷು ಅವರ ಸಂಗ್ರಾಮ್ ಸಂಸ್ಥೆ ಅಲ್ಲಿ ಎಚ್‌ಐವಿ ತಡೆಯುವ ಕೆಲಸ ಆರಂಭಿಸಿತು. ಅದೇ ವರ್ಷ ಕಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಇಂಥದ್ದೇ ಕೆಲಸಕ್ಕೆ ಕೈಹಾಕಿದ್ದರು. ಅದೇ ವರ್ಷ ಕೇಂದ್ರ ಸರ್ಕಾರದ ನ್ಯಾಕೊ ಹುಟ್ಟಿತು.

ಕಾಂಡೋಮ್ ಎಂಬುದು ಈ ದೇಶಕ್ಕೆ ಹೊಸದಲ್ಲ. ಸರ್ಕಾರ 1968ರಿಂದಲೇ ನಿರೋಧ್ ಮಾರುತ್ತಿತ್ತು, 15 ಪೈಸೆಗೆ ಮೂರು. ಆದರೆ ಅದು ಗಂಡಹೆಂಡಿರ ವಸ್ತು, ಕುಟುಂಬ ಯೋಜನೆಯ ವಸ್ತು. ಲೈಂಗಿಕ ಕಾರ್ಯಕರ್ತೆಯ ಕೈಯಲ್ಲಿ ಅದು ಕಂಡರೆ ಪೊಲೀಸರಿಗೆ ಸಾಕ್ಷ್ಯ. ಹಾಗಿರುವಾಗ ಪೆಟ್ಟಿಗೆಗಟ್ಟಲೆ ಕಾಂಡೋಮ್ ತಂದು ಹಂಚಿದರೆ ಏನು ಬಂತು? ಅವಳು ಅದನ್ನು ಇಟ್ಟುಕೊಳ್ಳುವಂತಿರಬೇಕು, ಗಿರಾಕಿಗೆ ಹೇಳುವಂತಿರಬೇಕು, ಬೇಡ ಎಂದವನನ್ನು ಹೊರಗೆ ಕಳಿಸುವಂತಿರಬೇಕು.

ಈ ಮೂರನೆಯದು ಒಬ್ಬಳಿಂದ ಆಗುವ ಕೆಲಸವಲ್ಲ. ಒಬ್ಬಳು ಬೇಡವೆಂದರೆ ಗಿರಾಕಿ ಪಕ್ಕದ ಬಾಗಿಲಿಗೆ ಹೋಗುತ್ತಾನೆ, ಇನ್ನೂ ಹತ್ತು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ. ಸಾಲದಲ್ಲಿರುವವಳು ಒಪ್ಪುತ್ತಾಳೆ. ಇಡೀ ಗಲ್ಲಿ ಒಟ್ಟಾಗಿ ಬೇಡ ಎಂದಾಗ ಮಾತ್ರ ಅವನಿಗೆ ಹೋಗಲು ಬೇರೆ ಬಾಗಿಲು ಇರುವುದಿಲ್ಲ. ಅಂದರೆ ಕಾಂಡೋಮ್ ಬಳಕೆ ಮೊದಲು ಸಂಘಟನೆಯ ವಿಷಯ, ಆಮೇಲೆ ಆರೋಗ್ಯದ ವಿಷಯ. ಗಿರಣಿ ಕೆಲಸಗಾರರು ಕೂಲಿಯ ವಿಷಯದಲ್ಲಿ ಕಂಡುಕೊಂಡದ್ದನ್ನೇ ಈ ಹೆಂಗಸರು ತಮ್ಮ ಮೈಯ ವಿಷಯದಲ್ಲಿ ಕಂಡುಕೊಂಡರು.

ಹೊರಗಿನಿಂದ ಬಂದ ಆರೋಗ್ಯ ಕಾರ್ಯಕರ್ತರ ಬದಲು ಗಲ್ಲಿಯವಳೇ ಗಲ್ಲಿಯವಳಿಗೆ ಹೇಳತೊಡಗಿದಳು. ಇಂಥವಳನ್ನು ಪೀರ್ ಎನ್ನುತ್ತಾರೆ. ಕಾಂಡೋಮ್ ಹಂಚುವುದು, ಹುಣ್ಣು ಕಂಡರೆ ಆಸ್ಪತ್ರೆಗೆ ಕರೆದೊಯ್ಯುವುದು, ರಾತ್ರಿ ಪೊಲೀಸರು ಎತ್ತಿಕೊಂಡು ಹೋದರೆ ಠಾಣೆಯ ಮುಂದೆ ನಿಲ್ಲುವುದು, ಎಲ್ಲ ಅವಳ ಪಾಲಿಗೆ. 1996ರಲ್ಲಿ ಅವರದೇ ಸಂಘಟನೆ ಹುಟ್ಟಿತು. ಹೆಸರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್, ಎಲ್ಲರ ಬಾಯಲ್ಲಿ ವ್ಯಾಂಪ್. ಹೆಸರಿನಲ್ಲಿ ಮುಕ್ತಿ ಇದೆ. ಆದರೆ ಅವರು ಕೇಳಿದ್ದು ವೃತ್ತಿಯಿಂದ ಮುಕ್ತಿಯನ್ನಲ್ಲ, ಅನ್ಯಾಯದಿಂದ ಮುಕ್ತಿಯನ್ನು. ಈ ವ್ಯತ್ಯಾಸದಲ್ಲಿ ದಾಮೋದರ ಹಾಲ್‌ನಲ್ಲಿ ಉಳಿದ ಪ್ರಶ್ನೆಗೆ ಒಂದು ಉತ್ತರವಿದೆ. ಬಿಟ್ಟು ಬಂದರೆ ಮಾತ್ರ ಮನುಷ್ಯಳು ಎನ್ನಬೇಡಿ, ಇದ್ದಲ್ಲಿಯೇ ನಾನು ಮನುಷ್ಯಳು ಎಂದು ಒಪ್ಪಿಕೊಂಡು ಮಾತು ಶುರು ಮಾಡಿ.

ಈ ನಿಲುವಿಗೆ ಬೆಲೆ ತೆರಬೇಕಾಯಿತು. 2003ರಲ್ಲಿ ಅಮೆರಿಕ ಏಡ್ಸ್ ಪರಿಹಾರಕ್ಕಾಗಿ ದೊಡ್ಡ ಹಣ ಮೀಸಲಿಡುವ ಕಾನೂನು ಮಾಡಿತು. ಅದರಲ್ಲಿ ಒಂದು ಷರತ್ತಿತ್ತು. ಹಣ ಪಡೆಯುವ ಸಂಸ್ಥೆ ತಾನು ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇನೆ ಎಂದು ಬರೆದುಕೊಡಬೇಕು. ತನ್ನ ಜೊತೆ ಕೆಲಸ ಮಾಡುವ ಹೆಂಗಸರನ್ನೇ ವಿರೋಧಿಸುತ್ತೇನೆಂದು ಬರೆದುಕೊಟ್ಟು ಅವರ ನಂಬಿಕೆ ಉಳಿಸಿಕೊಳ್ಳುವುದು ಹೇಗೆ? ಸಂಗ್ರಾಮ್ 2005ರಲ್ಲಿ ಆ ಹಣ ಬೇಡವೆಂದಿತು. ಅಮೆರಿಕದ ಸುಪ್ರೀಂ ಕೋರ್ಟ್ ತನ್ನ ದೇಶದ ಸಂಸ್ಥೆಗಳ ಮಟ್ಟಿಗೆ ಈ ಷರತ್ತನ್ನು ತೆಗೆದುಹಾಕಿದ್ದು 2013ರಲ್ಲಿ.

ಕರ್ನಾಟಕದ ಲೆಕ್ಕ

ಸಾಂಗ್ಲಿಗೆ ಹೋದವರು ಊರಿಗೆ ಬರುತ್ತಿದ್ದರು. ಜಾತ್ರೆಗೆ, ತಾಯಿಯ ಮದ್ದಿಗೆ, ತಮ್ಮನ ಮದುವೆಗೆ. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕು ಕಂಡಿತು. ಇದು ನಗರದ ರೋಗ ಎಂದುಕೊಂಡಿದ್ದವರಿಗೆ ಹಳ್ಳಿಗಳ ಲೆಕ್ಕ ದಂಗುಬಡಿಸಿತು. ಒಂದು ಹಳ್ಳಿಯಲ್ಲಿ ಬಹಳ, ಪಕ್ಕದ ಹಳ್ಳಿಯಲ್ಲಿ ಇಲ್ಲವೇ ಇಲ್ಲ ಎಂಬಂಥ ಏರುಪೇರು. ಇಡೀ ಜಿಲ್ಲೆಗೆ ಒಂದೇ ಭಾಷಣ ಮಾಡಿದರೆ ಸಾಲದು, ಯಾವ ಹಳ್ಳಿಯಲ್ಲಿ ಯಾರು, ಎಲ್ಲಿಗೆ ಹೋಗಿಬರುತ್ತಾರೆ ಎಂದು ತಿಳಿದವರೇ ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

2003ರಲ್ಲಿಯೇ ಗೇಟ್ಸ್ ಫೌಂಡೇಶನ್ ಆರು ರಾಜ್ಯಗಳಲ್ಲಿ ಆವಾಹನ್ ಯೋಜನೆ ಆರಂಭಿಸಿತು. ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ ಅದರಲ್ಲಿದ್ದವು. ಕರ್ನಾಟಕದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇದರ ಹೊಣೆ ಹೊತ್ತಿತು. ಸಾಂಗ್ಲಿಯಲ್ಲಿ, ಸೋನಾಗಾಚಿಯಲ್ಲಿ ಕಲಿತದ್ದು ಇಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಜಿಲ್ಲೆ ಜಿಲ್ಲೆಯಲ್ಲಿ ಪೀರ್‌ಗಳು, ಅವರು ಬಂದು ಕೂರಲು, ಸ್ನಾನ ಮಾಡಲು, ನಿದ್ದೆ ಮಾಡಲು ಒಂದು ಕೋಣೆ, ಅದರ ಪಕ್ಕದಲ್ಲೇ ಕ್ಲಿನಿಕ್ಕು. ಮೈಸೂರಿನಲ್ಲಿ 2004ರಲ್ಲಿ ಶುರುವಾದ ಕೆಲಸ ಮುಂದೆ ಲೈಂಗಿಕ ಕಾರ್ಯಕರ್ತರೇ ನಡೆಸುವ ಆಶೋದಯ ಸಮಿತಿಯಾಯಿತು.

ಮೈಸೂರಿನ ಒಂದು ಅಧ್ಯಯನದ ಅಂಕಿಯನ್ನು ಗಮನಿಸಬೇಕು. 2004 ಮತ್ತು 2006ರ ನಡುವೆ ಅಲ್ಲಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಮಾತ್ರ ಶೇ. 26ರಿಂದ 24, ಇಳಿಯಿತು ಎನ್ನುವಂತೆಯೇ ಇಲ್ಲ. ಹಾಗಾದರೆ ಕೆಲಸ ಸೋತಿತೇ? ಇಲ್ಲ. ಸಿಫಿಲಿಸ್‌ಗೆ ಒಂದು ಚುಚ್ಚುಮದ್ದು ಸಾಕು, ಗುಣವಾದವರು ಲೆಕ್ಕದಿಂದ ಹೊರಗೆ ಬರುತ್ತಾರೆ. ಎಚ್‌ಐವಿ ಒಮ್ಮೆ ಬಂದರೆ ಹೋಗುವುದಿಲ್ಲ. ಹೊಸಬರಿಗೆ ತಗುಲದಂತೆ ಪೂರ್ತಿ ತಡೆದರೂ ಹಳಬರು ಲೆಕ್ಕದಲ್ಲಿ ಇದ್ದೇ ಇರುತ್ತಾರೆ. ಗುಪ್ತರೋಗ ಅರ್ಧಕ್ಕಿಳಿದದ್ದೇ ಕಾಂಡೋಮ್ ಬಳಕೆ ನಿಜವಾಗಿ ಏರಿದೆ ಎಂಬುದಕ್ಕೆ ಗುರುತು.

ಹೊಸ ಸೋಂಕು ಇಳಿಯುತ್ತಿದೆಯೇ ಎಂದು ತಿಳಿಯಲು ಕಿರಿಯ ವಯಸ್ಸಿನವರನ್ನು ನೋಡಬೇಕು, ಅವರಿಗೆ ತಗುಲಿದ್ದರೆ ಅದು ಇತ್ತೀಚಿನದೇ ಆಗಿರುತ್ತದೆ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡುಗಳಲ್ಲಿ ಬಸಿರಿ ತಪಾಸಣೆಗೆ ಬಂದ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸೋಂಕು 2000ದಲ್ಲಿ ಶೇ. 1.7 ಇದ್ದದ್ದು 2004ಕ್ಕೆ ಶೇ. 1.1ಕ್ಕೆ ಇಳಿದಿತ್ತು. ಮೂರನೆಯ ಒಂದು ಭಾಗದಷ್ಟು ಇಳಿಕೆ. ಆವಾಹನ್ ಬೇರೂರುವ ಮೊದಲೇ ಇಳಿಕೆ ಆರಂಭವಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ದೊಡ್ಡ ಹಣ ಬರುವ ಮೊದಲು ಸಣ್ಣ ಸಣ್ಣ ಸಂಘಟನೆಗಳು ಮಾಡಿದ ಕೆಲಸ, ರಕ್ತನಿಧಿಗಳಲ್ಲಿ ಪರೀಕ್ಷೆ ಕಡ್ಡಾಯವಾದದ್ದು, 1998ರಿಂದ ಹಣಕ್ಕೆ ರಕ್ತ ಮಾರುವುದು ನಿಂತದ್ದು, ಎಲ್ಲವೂ ಸೇರಿ ಆದದ್ದು.

ಅಂಕಿಗಳನ್ನು ಕುರುಡಾಗಿ ನಂಬಬಾರದು ಎಂಬುದಕ್ಕೂ ಈ ಚರಿತ್ರೆಯಲ್ಲಿ ಪಾಠವಿದೆ. 2006ರವರೆಗೆ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆ ಎಂದು ಅಂದಾಜಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದ ಮೇಲೆ, 2007ರ ಜುಲೈಯಲ್ಲಿ, ಅದು ಸುಮಾರು 25 ಲಕ್ಷ ಎಂದು ತಿದ್ದಿದರು. ಇದ್ದಕ್ಕಿದ್ದಂತೆ ಅರ್ಧ ಜನ ಗುಣವಾಗಿರಲಿಲ್ಲ. ಮೊದಲಿನ ಲೆಕ್ಕ ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಗೆ ಬಂದವರ ಮೇಲೆ ನಿಂತಿತ್ತು, ಅಷ್ಟೇ.

ಮಾಲಕ, ಗಂಡ

ಸಾಂಗ್ಲಿಯ ಗಲ್ಲಿಯಲ್ಲಿ ಗಿರಾಕಿ ಬೇರೆ, ಮಾಲಕ ಬೇರೆ. ಮಾಲಕ ಎಂದರೆ ಅವಳು ತನ್ನವನೆಂದುಕೊಂಡ ಗಂಡಸು. ಅವನಿಗೆ ಊರಲ್ಲಿ ಹೆಂಡತಿ ಮಕ್ಕಳು ಇರಬಹುದು. ಅವಳ ಮಕ್ಕಳ ಶಾಲೆಯ ಖರ್ಚಿಗೆ ಕೊಡಬಹುದು, ಅವಳ ದುಡ್ಡನ್ನೇ ಒಯ್ಯಲೂಬಹುದು. ಹೊಡೆಯಲೂಬಹುದು. ಗಿರಾಕಿಗೆ ಕಾಂಡೋಮ್ ಇಲ್ಲದಿದ್ದರೆ ನಡೆ ಎನ್ನುವವಳು ಮಾಲಕನಿಗೆ ಆ ಮಾತು ಹೇಳಲಾರಳು. ಹೇಳಿದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದಂತೆ, ಅಥವಾ ನೀನೂ ಗಿರಾಕಿಯೇ ಎಂದಂತೆ. ಸಂಘಟನೆ ಗೆದ್ದ ಗಲ್ಲಿಗಳಲ್ಲಿಯೂ ವೈರಸ್ಸಿಗೆ ಈ ಬಾಗಿಲು ತೆರೆದೇ ಇತ್ತು.

ಮದುವೆಯಾದ ಮನೆಯಲ್ಲಿಯೂ ಇದೇ ಬಾಗಿಲು. ಪುಣೆಯ ಗುಪ್ತರೋಗ ಕ್ಲಿನಿಕ್ಕುಗಳಿಗೆ ಬಂದ, ಲೈಂಗಿಕ ಕಾರ್ಯಕರ್ತೆಯರಲ್ಲದ ಹೆಂಗಸರಲ್ಲಿ ಶೇ. 13.6 ಜನರಿಗೆ ಸೋಂಕಿತ್ತು ಎಂದು 1997ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಬಹಳ ಜನ ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದವರು. ಸೋಂಕು ಬಂದದ್ದು ಗಂಡನಿಂದ. ಪತಿವ್ರತೆಯಾಗಿರುವುದೇ ರಕ್ಷೆ ಎಂದು ನಂಬಿಸಿದ್ದ ಸಮಾಜ ಅವರಿಗೆ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಗಂಡ ಸತ್ತ ಮೇಲೆ ಅವಳೇ ಗಂಡನನ್ನು ನುಂಗಿದಳು ಎಂದು ಹೊರಗೆ ಹಾಕಿದ ಮನೆಗಳು ಉತ್ತರ ಕರ್ನಾಟಕದಲ್ಲಿ ಒಂದೆರಡಲ್ಲ.

ಗಲ್ಲಿಯವಳಿಗೆ ಸಂಘವಿತ್ತು. ಮನೆಯವಳಿಗೆ ಅದೂ ಇರಲಿಲ್ಲ. ಈ ಮಾತು ಬಹಳ ಕಾಲ ನಮ್ಮ ತಲೆಗೆ ಹೋಗಲಿಲ್ಲ.

ಅವರನ್ನು ಉಳಿಸಿದ್ದು ಬಹುಮಟ್ಟಿಗೆ ಮಾತ್ರೆ. ವೈರಸ್ಸನ್ನು ಹತ್ತಿಕ್ಕುವ ಮೂರು ಮದ್ದುಗಳ ಜೋಡಣೆ 1996ರಲ್ಲಿಯೇ ಸಿದ್ಧವಾಗಿತ್ತು, ಆದರೆ ಅದರ ಬೆಲೆ ವರ್ಷಕ್ಕೆ ಸಾವಿರಾರು ಡಾಲರ್. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಅದನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇನೆ ಎಂದಿತು. 2004ರ ಏಪ್ರಿಲ್ 1ರಿಂದ ಸರ್ಕಾರ ಕರ್ನಾಟಕ, ಮಹಾರಾಷ್ಟ್ರ ಸೇರಿ ಆರು ರಾಜ್ಯಗಳಲ್ಲಿ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡತೊಡಗಿತು. ಮಾತ್ರೆ ತಪ್ಪದೆ ತೆಗೆದುಕೊಂಡರೆ ಆಯಸ್ಸು ಉಳಿಯುತ್ತದೆ. ಅಷ್ಟೇ ಅಲ್ಲ, ರಕ್ತದಲ್ಲಿ ವೈರಸ್ಸು ಪತ್ತೆಯಾಗದಷ್ಟು ಕಡಿಮೆಯಾದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದೂ ಇಲ್ಲ. ಬೇಗ ಮಾತ್ರೆ ಶುರು ಮಾಡಿದರೆ ಸಂಗಾತಿಗೆ ದಾಟುವುದು ಶೇ. 96ರಷ್ಟು ತಗ್ಗುತ್ತದೆ ಎಂದು 2011ರ ಒಂದು ದೊಡ್ಡ ಅಧ್ಯಯನ ತೋರಿಸಿತ್ತು. ತಾಯಿಯಿಂದ ಮಗುವಿಗೆ ದಾಟುವ ಸಂಭವ ಮದ್ದಿಲ್ಲದಿದ್ದರೆ ನೂರಕ್ಕೆ 15ರಿಂದ 45, ಮದ್ದಿದ್ದರೆ 5ಕ್ಕಿಂತ ಕಡಿಮೆ. 2017ರಿಂದ ನಮ್ಮ ದೇಶದಲ್ಲಿ ಸೋಂಕು ಗೊತ್ತಾದ ಕೂಡಲೇ ಮಾತ್ರೆ ಶುರು ಮಾಡುತ್ತಾರೆ, ಸಿಡಿ4 ಇಳಿಯಲಿ ಎಂದು ಕಾಯುವುದಿಲ್ಲ.

ಇಷ್ಟಾದ ಮೇಲೂ ಗೋಕುಲನಗರದ ಉತ್ತರ ಪೂರ್ತಿಯಲ್ಲ. ಹನ್ನೆರಡು ವರ್ಷದ ಹುಡುಗಿಗೆ ಮುತ್ತು ಕಟ್ಟುವಾಗ ಅವಳ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಬೆಳೆದ ಹೆಣ್ಣಿನ ಕೆಲಸವನ್ನು ಕೆಲಸವೆಂದು ಗೌರವಿಸಿ ಎನ್ನುವುದಕ್ಕೂ, ಮಗುವನ್ನು ಅದಕ್ಕೆ ತಳ್ಳುವ ಜಾತಿ ಪದ್ಧತಿಯನ್ನು ನಿಲ್ಲಿಸಿ ಎನ್ನುವುದಕ್ಕೂ ವಿರೋಧವಿಲ್ಲ. ಎರಡನೆಯದನ್ನು ಯೇವಲಾದಲ್ಲಿ, ದಾಮೋದರ ಹಾಲ್‌ನಲ್ಲಿ ಕೇಳಿದೆವು. ಮೊದಲನೆಯದನ್ನು ಗೋಕುಲನಗರ ಹೇಳಿತು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಾಗಲೆಲ್ಲ ಪೆಟ್ಟು ಬಿದ್ದದ್ದು ಅದೇ ಹೆಣ್ಣುಮಕ್ಕಳಿಗೆ.

ಸೇತುವೆ

ನ್ಯಾಕೊದ ಕಡತಗಳಲ್ಲಿ ಒಂದು ಮಾತು ಬರುತ್ತದೆ, ಸೇತುವೆ ಜನ. ಹೆಚ್ಚು ಸೋಂಕಿರುವ ಗುಂಪಿನಿಂದ ಉಳಿದವರ ಮನೆಗಳಿಗೆ ವೈರಸ್ಸನ್ನು ದಾಟಿಸುವವರು ಎಂಬ ಅರ್ಥದಲ್ಲಿ. ಅದರಲ್ಲಿ ಎರಡು ಗುಂಪು: ಲಾರಿ ಚಾಲಕರು, ಮತ್ತು ಊರು ಬಿಟ್ಟು ಒಂಟಿಯಾಗಿ ಬಂದ ವಲಸಿಗ ಗಂಡಸರು. ಕಟ್ಟಡ ಕೆಲಸದವರನ್ನು, ಕಬ್ಬು ಕಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿಂಗಡಣೆ ಅದು. ಲ್ಯಾಪ್‌ಟಾಪ್ ಹಿಡಿದು ಬಂದವರನ್ನು ಯಾರೂ ಆ ಪಟ್ಟಿಗೆ ಸೇರಿಸಲಿಲ್ಲ. ವೈರಸ್ಸಿಗೆ ಸಂಬಳದ ಚೀಟಿ ಓದಲು ಬರುವುದಿಲ್ಲ. ಪಿಜಿಯ ಕೋಣೆಗಳಲ್ಲಿ, ಆ್ಯಪ್‌ಗಳಲ್ಲಿ ಆಗುವ ಭೇಟಿಗಳಲ್ಲಿ, ವಾರಾಂತ್ಯದ ಪ್ರವಾಸಗಳಲ್ಲಿ ನಮ್ಮವರೂ ಅದೇ ವಯಸ್ಸಿನ, ಅದೇ ಒಂಟಿತನದ ಜನ. ವ್ಯತ್ಯಾಸವೆಂದರೆ ನಮ್ಮ ಬಾಗಿಲಿಗೆ ಯಾವ ಪೀರೂ ಬರುವುದಿಲ್ಲ.

ನ್ಯಾಕೊದ ಈಚಿನ ಅಂದಾಜಿನಂತೆ ದೇಶದಲ್ಲಿ ಈಗಲೂ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಇರುವ ರಾಜ್ಯ ಮಹಾರಾಷ್ಟ್ರ, ಕರ್ನಾಟಕವೂ ಮುಂಚೂಣಿಯಲ್ಲಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಎಂದು ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆ ಕೊಡುವುದಿಲ್ಲ ಎನ್ನುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಡೊಮಿನಿಕ್ ಡಿಸೋಜಾ ಅವರನ್ನು ಕೂಡಿಹಾಕಿ 29 ವರ್ಷಗಳ ಮೇಲೆ ಈ ಮಾತು ಕಾನೂನಾಯಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಲೈಂಗಿಕ ಕಾರ್ಯಕರ್ತೆಯರಿಗೂ ಘನತೆಯಿಂದ ಬದುಕುವ ಹಕ್ಕಿದೆ, ಅವರ ಬಳಿ ಸಿಕ್ಕ ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ತೋರಿಸಬಾರದು ಎಂದು ಹೇಳಿತು. ಗಲ್ಲಿಯ ಹೆಂಗಸರು 1990ರ ದಶಕದಿಂದ ಹೇಳುತ್ತಾ ಬಂದದ್ದು ಇದನ್ನೇ.

ಉಳಿದದ್ದು ನಮ್ಮ ಪಾಲಿನದು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಅನುಮಾನದ ಸಂಪರ್ಕವಾದ ಮೇಲೆ ಪರೀಕ್ಷೆಯಲ್ಲಿ ಸೋಂಕು ಕಾಣಿಸಲು ಕೆಲವು ವಾರ ಹಿಡಿಯುತ್ತದೆ, ಆದ್ದರಿಂದ ಒಮ್ಮೆ ಇಲ್ಲವೆಂದು ಬಂದರೆ ವೈದ್ಯರು ಹೇಳಿದ ದಿನಕ್ಕೆ ಮತ್ತೆ ಮಾಡಿಸಬೇಕು. ಆದರೆ 72 ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಸೋಂಕು ನೆಲೆಯೂರದಂತೆ ತಡೆಯುವ 28 ದಿನಗಳ ಮಾತ್ರೆ ಇದೆ, ಇದು ಗೊತ್ತಿಲ್ಲದೆ ಆ ಮೂರು ದಿನವನ್ನು ನಾಚಿಕೆಯಲ್ಲಿ ಕಳೆಯುವವರು ಬಹಳ. ಮಾಹಿತಿಗೆ 1097ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ನಾಚಿಕೆ ಎಂದರೆ, ಈ ಚರಿತ್ರೆಯಲ್ಲಿ ಅತಿ ಹೆಚ್ಚು ನಾಚಿಕೆ ಹೊರಿಸಿದ್ದು ಯಾರ ಮೇಲೋ ಅವರೇ ಮೊದಲು ಅದನ್ನು ಕಳಚಿ, ಕಾಂಡೋಮಿನ ಪೆಟ್ಟಿಗೆ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದವರು. ಓದು ಬರಹ ಇಲ್ಲದವರು, ಊರಿನಿಂದ ದೂರ ಇದ್ದವರು, ನಮ್ಮದೇ ಭಾಷೆಯವರು. ಇನ್ನೊಮ್ಮೆ ರೈಲು ಮಿರಜ್‌ನಲ್ಲಿ ನಿಂತಾಗ ಪ್ಲಾಟ್‌ಫಾರಮ್ಮಿನಲ್ಲಿ ಕನ್ನಡ ಕೇಳಿಸಿದರೆ ಅವರಲ್ಲಿ ಯಾರಾದರೂ ಇರಬಹುದು.